ಐದಕ್ಕೆ ಐದು ನಿಮಿಷ

ಮುಳ್ಳಪ್ಪನವರಿಗೆ ಆ ಹೆಸರಿಟ್ಟವರು ಹೆತ್ತವರಲ್ಲ, ಕಚೇರಿಯವರು. ಶೃಂಗಸಭೆಗಳು ನಡೆಯುವ ಭವನದ ದೊಡ್ಡ ಗೋಡೆ ಗಡಿಯಾರಕ್ಕೆ ಮೂವತ್ತೆರಡು ವರ್ಷಗಳಿಂದ ಕೀಲಿ ಕೊಡುತ್ತಿದ್ದ ಅವರೊಬ್ಬರಿಗೇ ಅದರ ಮುಳ್ಳುಗಳನ್ನು ಮುಟ್ಟುವ ಹಕ್ಕಿತ್ತು. ಕೆಳಗೆ ಕುರ್ಚಿ ಬಿಡಲೊಲ್ಲದ ಅಧ್ಯಕ್ಷರು, ಪ್ರಧಾನಿಗಳು ಎಷ್ಟೋ ಮಂದಿ ಬಂದು ಹೋದರು. ಮುಳ್ಳಪ್ಪನವರು ಸೇವೆಯಲ್ಲಿ ಮೇಲೇರಿದ್ದೆಲ್ಲ ಏಣಿಯ ಮೇಲೇ.

ಆ ಕೆಲಸದಲ್ಲಿ ಒಂದು ಗುಟ್ಟಿತ್ತು. ಒಪ್ಪಂದದ ಗಡುವು ಹತ್ತಿರ ಬಂದರೂ ನಾಯಕರ ಜಗಳ ಮುಗಿಯದಿದ್ದರೆ ಕಾರ್ಯದರ್ಶಿ ಮೇಡಂ ಕನ್ನಡಕ ತೆಗೆದು ಒರೆಸುತ್ತಿದ್ದರು. ಅದೇ ಸನ್ನೆ. ಮುಳ್ಳಪ್ಪನವರು ಏಣಿ ಹತ್ತಿ ಲೋಲಕವನ್ನು ಹಿಡಿದು ನಿಲ್ಲಿಸಬೇಕು. ಗಡಿಯಾರ ನಿಂತರೆ ಗಡುವೂ ನಿಂತಂತೆ. ಕಿಟಕಿಯಾಚೆ ಸೂರ್ಯ ಮುಳುಗುವುದು ಹನ್ನೊಂದು ದೇಶಗಳ ಘಟಾನುಘಟಿಗಳಲ್ಲಿ ಒಬ್ಬರ ಕಣ್ಣಿಗೂ ಬೀಳುತ್ತಿರಲಿಲ್ಲ.

ಈ ಸಲದ ಒಪ್ಪಂದ ಸಮುದ್ರದ ಮೀನು ಯಾರದು ಎಂಬ ಬಗ್ಗೆ. ಗಡುವು ತಿಂಗಳ ಕೊನೆಯ ದಿನ, ಸಂಜೆ ಐದು. ಮುಳ್ಳಪ್ಪನವರ ನಿವೃತ್ತಿಯೂ ಅದೇ ದಿನ, ಅದೇ ಐದಕ್ಕೆ. ಮರುದಿನ ಸಂಜೆ ಆರೂ ಹತ್ತರ ರೈಲಿಗೆ ಹೆಂಡತಿ ಟಿಕೆಟ್ ಮಾಡಿಸಿದ್ದರು. ಮದುವೆಯಾದಾಗಿನಿಂದ ಸಮುದ್ರ ತೋರಿಸುತ್ತೇನೆಂದು ಹೇಳುತ್ತಾ, ಎರಡು ಸಲ ಶೃಂಗಸಭೆಯ ನೆಪದಲ್ಲಿ ಕೈಕೊಟ್ಟ ಗಂಡ ಅವರು.

"ಈ ಸಲ ನೀವು ಬಂದ್ರೆ ಬನ್ನಿ, ಇಲ್ಲಾಂದ್ರೆ ನಿಮ್ಮ ಸೀಟಿಗೆ ನನ್ನ ತಂಗೀನ ಕೂರಿಸ್ತೀನಿ" ಎಂದಿದ್ದರು ಆಕೆ. ನಾದಿನಿ ಆಗಲೇ ಬಟ್ಟೆ ಕಟ್ಟಿಟ್ಟಿದ್ದಳೆಂಬ ಸುದ್ದಿಯೂ ಬಂದಿತ್ತು.

ಗಡುವಿನ ದಿನ ಐದಕ್ಕೆ ಐದು ನಿಮಿಷ ಇರುವಾಗ ಮೇಡಂ ಕನ್ನಡಕ ಒರೆಸಿದರು. ಮುಳ್ಳಪ್ಪನವರು ಮನಸ್ಸಿಲ್ಲದ ಮನಸ್ಸಿನಿಂದ ಲೋಲಕ ಹಿಡಿದರು.

ಮರುದಿನ ಬೆಳಿಗ್ಗೆಯೂ ನಾಯಕರು ಒಬ್ಬರಿಗೊಬ್ಬರು "ಶುಭ ಸಂಜೆ" ಎನ್ನುತ್ತಾ ಬಂದು ಕೂತರು. ಮೀನು ಮೊಟ್ಟೆಯಿಟ್ಟ ದೇಶದ್ದೋ, ಈಜಿಕೊಂಡು ಹೋದ ದೇಶದ್ದೋ ಎಂದು ಮತ್ತೆ ಶುರು. ಮೀನಿನ ವಿಷಯದಲ್ಲಿ ಇಷ್ಟೊಂದು ಮೀನಮೇಷ ಎಣಿಸಿದ್ದನ್ನು ಮುಳ್ಳಪ್ಪನವರು ಕಂಡಿರಲಿಲ್ಲ.

"ಮೇಡಂ, ನನ್ನ ನಿವೃತ್ತಿ ಪತ್ರ?" ಎಂದರು, ಮಧ್ಯಾಹ್ನ ಮೂರಾದಾಗ.

"ಐದಕ್ಕೆ ಕೊಡ್ತೀನಿ."

"ಐದು ನಿನ್ನೇನೇ ಆಯ್ತಲ್ಲ ಮೇಡಂ."

ಮೇಡಂ ಗಡಿಯಾರ ತೋರಿಸಿದರು. "ಎಲ್ಲಿ ಆಗಿದೆ? ನೀವೇ ನಿಲ್ಲಿಸಿದ್ದು."

ನಾಲ್ಕು ಗಂಟೆಗೆ ಹೆಂಡತಿಯ ಫೋನು. "ರೀ, ಎಲ್ಲಿದ್ದೀರಾ?"

"ಇಲ್ಲಿ ಇನ್ನೂ ನಿನ್ನೆ ಸಂಜೆ ಕಣೇ."

"ಇಲ್ಲಿ ಇವತ್ತಾಗಿದೆ! ನಿಮ್ಮ ಗಡಿಯಾರ ನಿಂತ್ರೆ ರೈಲೂ ನಿಲ್ಲುತ್ತಾ? ತಂಗಿ ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ದಾಳೆ."

ಮುಳ್ಳಪ್ಪನವರು ಫೋನು ಜೇಬಿಗಿಟ್ಟು ಧೂಳು ಒರೆಸುವ ಬಟ್ಟೆ ಹಿಡಿದರು, ಏಣಿ ಹತ್ತಿದರು. ಮೇಡಂ ಅವರ ಕನ್ನಡಕ ಮೂಗಿನ ಮೇಲೇ ಇತ್ತು. ಮೂವತ್ತೆರಡು ವರ್ಷದಲ್ಲಿ ಸನ್ನೆಯಿಲ್ಲದೆ ಅವರ ಕೈ ಆಡಿರಲಿಲ್ಲ. ಬಟ್ಟೆಯ ಮರೆಯಲ್ಲಿ ಲೋಲಕವನ್ನು ಮೆಲ್ಲಗೆ ತಳ್ಳಿದರು.

ಟಿಕ್.

ಬೆರಳೆತ್ತಿ ಮಾತಾಡುತ್ತಿದ್ದ ಪ್ರಧಾನಿಯ ಬೆರಳು ಹಾಗೇ ಗಾಳಿಯಲ್ಲಿ ನಿಂತಿತು. ಹನ್ನೊಂದು ತಲೆಗಳು ಮೇಲೆದ್ದವು. ಐದಕ್ಕೆ ಇನ್ನು ಐದೇ ನಿಮಿಷ! ಗಡುವು ದಾಟಿದರೆ ಮೂರು ವರ್ಷದ ಮಾತುಕತೆ ನೀರಿನಲ್ಲಿ ಹೋಮ. ಮೀನು ಅರ್ಧ ಮೊಟ್ಟೆಯಿಟ್ಟ ದೇಶಕ್ಕೆ, ಅರ್ಧ ಈಜಿಕೊಂಡು ಹೋದ ದೇಶಕ್ಕೆ ಎಂದು ಯಾರೋ ಕೂಗಿದರು. ಮೊದಲ ದಿನವೇ ಹೊಳೆಯಬಹುದಾಗಿದ್ದ ಮಾತು. ಒಬ್ಬರ ಪೆನ್ನು ಇನ್ನೊಬ್ಬರು ಕಸಿದುಕೊಂಡು ಸಹಿ ಹಾಕಿದರು. ಕೊನೆಯ ಸಹಿಯ ಬಾಲ ಮುಗಿಯುವುದಕ್ಕೂ ಗಡಿಯಾರ ಐದು ಹೊಡೆಯುವುದಕ್ಕೂ ಸರಿಹೋಯಿತು. ಚಪ್ಪಾಳೆಯೋ ಚಪ್ಪಾಳೆ.

ಮೇಡಂ ಏಣಿಯ ಬುಡಕ್ಕೆ ಬಂದರು. "ಯಾರು ಹೇಳಿದ್ರು ನಿಮಗೆ?"

"ಧೂಳು ಒರೆಸ್ತಿದ್ದೆ ಮೇಡಂ. ಕೈ ತಗುಲಿತು."

ಮೇಡಂ ಬಟ್ಟೆ ನೋಡಿದರು, ಗಡಿಯಾರ ನೋಡಿದರು. ಆಮೇಲೆ ಫೈಲಿನಿಂದ ಪತ್ರ ತೆಗೆದು ಕೊಟ್ಟರು. "ಐದಾಯ್ತು. ಮೊದಲು ಇಲ್ಲಿಂದ ಹೊರಡಿ."

ನಿಲ್ದಾಣದಲ್ಲಿ ನಾದಿನಿ ಅವರ ಸೀಟಿನ ಟಿಕೆಟ್ಟನ್ನು ಮುಖ ಊದಿಸಿಕೊಂಡೇ ಕೈಗಿತ್ತಳು. ಮುಳ್ಳಪ್ಪನವರು ಹೆಂಡತಿಯ ಪಕ್ಕ ಏದುಸಿರು ಬಿಡುತ್ತಾ ಕೂತರು. ಆರೂ ಹತ್ತಾಯಿತು. ರೈಲು ಬರಲಿಲ್ಲ. ನಲವತ್ತು ನಿಮಿಷ ತಡವಂತೆ.

ಅವರ ಕಣ್ಣು ತಾನಾಗಿ ಪ್ಲಾಟ್‌ಫಾರಂ ಗಡಿಯಾರದತ್ತ ಹೊರಳಿತು.

"ಅದರ ತಂಟೆಗೆ ಹೋದ್ರೆ ನೋಡಿ!" ಎಂದು ಹೆಂಡತಿ ಅವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.