ನಿಂತರೆ ಹೆಪ್ಪುಗಟ್ಟುತ್ತೆ
ಲ್ಯಾಬುಗಳಲ್ಲಿ ರಕ್ತದ ನಳಿಕೆಗಳನ್ನು ತೊಟ್ಟಿಲಿನಂತೆ ಆಡಿಸುವ ಯಂತ್ರವನ್ನು ತಾನೇ ರೂಪಿಸಿ, ಮನೆಯ ಮುಂದಿನ ಕೋಣೆಯಲ್ಲೇ ಜೋಡಿಸಿ ಮಾರುವ ಯಜಮಾನನಿಗೆ ಒಂದೇ ಮಂತ್ರ: “ನಿಂತರೆ ಹೆಪ್ಪುಗಟ್ಟುತ್ತೆ!” ಉಣ್ಣುವಾಗಲೂ ತೂಗಾಡುತ್ತಾನೆ; ಎದುರು ಕೂತ ಗಿರಾಕಿಯೂ ಅರಿವಿಲ್ಲದೆ ತೂಗಾಡತೊಡಗುತ್ತಾನೆ. “ರೀ, ನೀರು ಚೆಲ್ಲುತ್ತೆ, ನೆಟ್ಟಗೆ ಕೂತ್ಕೊಳ್ಳಿ,” ಎಂದು ಹೆಂಡತಿ ಗದರುತ್ತಾಳೆ. ಮೂಲೆಯ ಯಂತ್ರವೊಂದು ಮಾತ್ರ ಮಾರಾಟಕ್ಕಿಲ್ಲ. ಅದರಲ್ಲಿ ಕಪ್ಪಗಾದ ರಕ್ತದ ಒಂದೇ ನಳಿಕೆ ಹಗಲಿರುಳೂ ಆಡುತ್ತಿರುತ್ತದೆ. ಅದು ಚೊಚ್ಚಲ ಮಗನದು. ಆಸ್ಪತ್ರೆಯಲ್ಲಿ ಮೊದಲು ತೆಗೆದ ರಕ್ತ ಹೆಪ್ಪುಗಟ್ಟಿತೆಂದು ಮತ್ತೊಮ್ಮೆ ತೆಗೆದಿದ್ದರು; ವರದಿ ಬರುವಷ್ಟರಲ್ಲಿ ಮಗು ಉಳಿದಿರಲಿಲ್ಲ, ಎರಡನೇ ಸಲ ತೆಗೆದ ಈ ನಳಿಕೆಯಷ್ಟೇ ಉಳಿದಿತ್ತು. “ಇನ್ನಾದ್ರೂ ಅದನ್ನ ನಿಲ್ಸಿ, ನಂಗೆ ಭಯ ಆಗುತ್ತೆ,” ಎನ್ನುತ್ತಿದ್ದವಳು, ಇವತ್ತು ಕರೆಂಟು ಹೋಗಿ ಗಂಡ ಅದನ್ನು ಕೈಯಲ್ಲೇ ಆಡಿಸುತ್ತಾ ತೂಕಡಿಸಿದಾಗ, ಮಡಿಲಲ್ಲಿದ್ದ ಎರಡನೇ ಕೂಸನ್ನು ಚಾಪೆಯ ಮೇಲೆ ಮಲಗಿಸಿ ಕೈಚಾಚಿದಳು: “ಕೊಡಿ ಇಲ್ಲಿ, ನಿಮ್ಮ ಕೈ ನಿಂತುಬಿಟ್ಟಿದೆ.”