ಯಾರ ನೆರವೂ ಇಲ್ಲದೆ

ನನಗೆ ಹೊಗಳಿಕೆಯ ಮಾತು ಕಂಡರೆ ಆಗುವುದಿಲ್ಲ. ಸಾಗರದ ಕಾಲೇಜೊಂದರ ಲೈಬ್ರರಿಯಲ್ಲಿ ದುಡಿದು ನಿವೃತ್ತಳಾದ ಮೇಲೆ ಇಂಟರ್ನೆಟ್ಟಿನ ಕನ್ನಡ ವಿಶ್ವಕೋಶಕ್ಕೆ ಬರೆಯುವುದನ್ನು ಹಚ್ಚಿಕೊಂಡೆ. ಅಲ್ಲಿ ಸಂಬಳವಿಲ್ಲ, ಹೆಸರೂ ಇಲ್ಲ. ಯಾರು ಬೇಕಾದರೂ ಬರೆಯಬಹುದು, ಯಾರು ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ನಾನು ತಿದ್ದುವ ಪೈಕಿ. 'ಕ್ರಾಂತಿಕಾರಿ', 'ಅತ್ಯಾಧುನಿಕ', 'ನಾಡಿನ ಹೆಮ್ಮೆಯ' ಅಂತೆಲ್ಲ ಕಣ್ಣಿಗೆ ಬಿದ್ದರೆ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ಬಿಸಾಡುತ್ತಿದ್ದೆ. ಹೊಸಬರು ಯಾರಾದರೂ 'ಇದನ್ನು ನಾನೇ ಕಣ್ಣಾರೆ ಕಂಡಿದ್ದೇನೆ' ಅಂದರೆ, ನೀವು ಕಂಡದ್ದು ನಿಮ್ಮ ಮನೆಯಲ್ಲಿಟ್ಟುಕೊಳ್ಳಿ ಸ್ವಾಮಿ, ಪೇಪರಿನಲ್ಲೋ ಪುಸ್ತಕದಲ್ಲೋ ಅಚ್ಚಾದ ಆಧಾರ ಕೊಡಿ ಅಂತ ಅಳಿಸುತ್ತಿದ್ದೆ. ಅಳಿಸುವಾಗ ಖುಷಿಯೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಕಣ್ಣು ಕಾಣದವರಿಗೆಂದು ಒಂದು ಎಐ ಕನ್ನಡಕ ಬಂತು. ಫ್ರೇಮಿನಲ್ಲಿ ಪುಟ್ಟ ಕ್ಯಾಮೆರಾ. ಪಕ್ಕದ ಗುಂಡಿ ಒತ್ತಿದರೆ ಎದುರಿಗಿರುವ ಅಕ್ಷರವನ್ನು ಕಿವಿಯ ಹತ್ತಿರ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಮಾರುವ ಕಂಪನಿಯ ಕಡೆಯವನೇ ಯಾರೋ ಅದರ ಬಗ್ಗೆ ವಿಶ್ವಕೋಶದಲ್ಲಿ ಒಂದು ಲೇಖನ ಸುರಿದು ಹೋಗಿದ್ದ. ಓದಿ ಮೈ ಉರಿದುಹೋಯಿತು. 'ಅಂಧರ ಬಾಳಿನ ಬೆಳಕು' ಅಂತೆ, ಥೂ! ಸೊಂಟ ಕಟ್ಟಿ ಕೂತೆ. ಬೆಳಕನ್ನು ಆರಿಸಿದೆ. 'ನೂರಕ್ಕೆ ನೂರು ನಿಖರ' ಅಂದಿದ್ದ ಕಡೆ 'ಎಂದು ತಯಾರಕರು ಹೇಳುತ್ತಾರೆ' ಅಂತ ಸೇರಿಸಿದೆ. ತೂಕ, ಬ್ಯಾಟರಿ, ಮಳೆಗೆ ನೆನೆದರೆ ಕೆಡುತ್ತದೋ ಇಲ್ಲವೋ, ಎಲ್ಲಕ್ಕೂ ಆಧಾರ ಹುಡುಕಿ ಹಾಕಿದೆ. ಎರಡು ದಿನ ಅಡುಗೆ ಮನೆ ಕಡೆ ಸರಿಯಾಗಿ ತಲೆ ಹಾಕಲಿಲ್ಲ.

ಮೊದಲನೇ ಸಾಲನ್ನು ಮಾತ್ರ ಅವನು ಬರೆದ ಹಾಗೇ ಬಿಟ್ಟೆ. 'ಇದು ದೃಷ್ಟಿಹೀನರು ಯಾರ ನೆರವೂ ಇಲ್ಲದೆ ಬೋರ್ಡು, ಪತ್ರ, ಪುಸ್ತಕಗಳನ್ನು ಓದಿಕೊಂಡು ಓಡಾಡಲು ಮಾಡಿದ ಕನ್ನಡಕ.' ಇದರಲ್ಲಿ ಹೊಗಳಿಕೆ ಎಲ್ಲಿದೆ? ವಸ್ತು ಏನು ಅಂತ ಹೇಳುವ ಸಾದಾ ಮಾತು, ಅದಕ್ಕೇನು ಆಧಾರ ಕೇಳುವುದು ಅಂದುಕೊಂಡು ಮುಂದಕ್ಕೆ ಹೋದೆ.

ಹೊಸನಗರದಿಂದ ಒಂದು ಫೋನು ಬಂತು. ನಮ್ಮ ಕಾಲೇಜಿನಲ್ಲಿ ಓದಿದ ಹುಡುಗಿ. ಹುಟ್ಟಿನಿಂದ ಕಣ್ಣಿಲ್ಲ. ಮೂರು ವರ್ಷ ಲೈಬ್ರರಿಯ ಹಿಂದಿನ ಮೇಜಿನಲ್ಲಿ ಕೂರಿಸಿಕೊಂಡು ಅವಳಿಗೆ ಪಾಠ ಓದಿ ಹೇಳಿದ್ದೆ. ಈಗ ತೀರ್ಥಹಳ್ಳಿಯ ಒಂದು ಆಫೀಸಿನಲ್ಲಿ ಫೋನು ಎತ್ತಿ ಮಾತಾಡುವ ಕೆಲಸ. ಬೆಳಿಗ್ಗೆ ಅಣ್ಣ ಬೈಕಿನಲ್ಲಿ ಹೊಸನಗರದ ಬಸ್‌ಸ್ಟ್ಯಾಂಡಿಗೆ ತಂದು, ಬಸ್ಸು ಹತ್ತಿಸಿ, ಕಂಡಕ್ಟರಿಗೆ ಹೇಳಿ ಹೋಗಬೇಕು. ಆ ಕಡೆ ಆಫೀಸಿನವರು ಯಾರಾದರೂ ಬಂದು ಇಳಿಸಿಕೊಳ್ಳಬೇಕು. ಸಂಜೆ ಮತ್ತೆ ಇದೇ.

'ಪಾರ್ಸಲ್ ಕಳಿಸ್ದಂಗೆ ಕಳಿಸ್ತಾರೆ ಮೇಡಂ, ಸಾಕಾಗಿದೆ' ಅಂದಳು. 'ಆ ಕನ್ನಡಕದ ಲೇಖನ ನೀವೇ ತಿದ್ದಿದ್ದಂತೆ?'

'ಹೌದು ಮಾರಾಯ್ತಿ.'

'ಹಂಗಾದ್ರೆ ಸುಳ್ಳಿರಲ್ಲ.'

ಅಣ್ಣ ಫೋನು ಇಸಿದುಕೊಂಡ. ಒಳ್ಳೆಯವನು, ಆದರೆ ಹೆದರಿಕೆಯ ಮನುಷ್ಯ. 'ನಿಜಾನಾ ಮೇಡಂ? ಒಬ್ಳೇ ಹೋಗ್ಬಹುದಾ?' ಅಂತ ಕೇಳಿದ. ನನ್ನ ಜಂಭ ನೋಡಿ: 'ಆಧಾರ ಇಲ್ಲದೆ ಅದರಲ್ಲಿ ಒಂದಕ್ಷರ ಇಲ್ಲ, ಓದಿ ನೋಡಪ್ಪ' ಅಂದೆ. ಅವನು ಓದಿದ. ಮೊದಲನೇ ಸಾಲು ಓದಿದ.

ಕನ್ನಡಕ ಬಂತು. ಮೂರು ವಾರ ಅವಳು ಒಬ್ಬಳೇ ಹೋಗಿ ಬಂದಳು. ದಿನಾ ಸಂಜೆ ನನಗೆ ಫೋನು. ಯಾವ ಅಂಗಡಿಗೆ ಏನು ಹೆಸರು, ಯಾವ ಗೋಡೆಯ ಮೇಲೆ ಏನು ಬರೆದಿದೆ, ಎಲ್ಲ ವರದಿ. ಕನ್ನಡಕ ಮಾರುವವನು ಒಬ್ಬ ಪತ್ರಕರ್ತನನ್ನೂ ಕರೆದುಕೊಂಡು ಬಂದು ಅವಳ ಫೋಟೋ ತೆಗೆಸಿದ. ಪೇಪರಿನಲ್ಲಿ ಬಂತು: 'ಯಾರ ನೆರವೂ ಇಲ್ಲದೆ ಓಡಾಡುವ ಯುವತಿ'. ಆ ಪತ್ರಕರ್ತ ಪುಣ್ಯಾತ್ಮ ನನ್ನ ಲೇಖನ ನೋಡಿಯೇ ಆ ಮಾತು ಎತ್ತಿದ್ದ. ಆಗ ನನಗೆ ಹೆಮ್ಮೆಯಾಯಿತು. ಈಗ ನೆನೆಸಿಕೊಂಡರೆ ಕಪಾಳಕ್ಕೆ ಹೊಡೆದುಕೊಳ್ಳೋಣ ಅನ್ನಿಸುತ್ತದೆ.

ನಾಲ್ಕನೇ ವಾರದ ಸೋಮವಾರ ಬೆಳಿಗ್ಗೆ ಅವಳ ಫೋನು ಬಂದದ್ದು ಸಾಗರದ ಬಸ್‌ಸ್ಟ್ಯಾಂಡಿನಿಂದ. ಆಟೋ ಹಿಡಿದು ಓಡಿದೆ. ಕಂಬಕ್ಕೆ ಒರಗಿ ನಿಂತಿದ್ದಳು, ಮುಖ ಕೆಂಪಾಗಿತ್ತು. ಪಕ್ಕದಲ್ಲಿ ಖಾಸಗಿ ಬಸ್ಸಿನ ಕಂಡಕ್ಟರು ಅವಳ ಬ್ಯಾಗು ಹಿಡಿದು ಕಾಯುತ್ತಿದ್ದ.

ನಮ್ಮ ಕಡೆಯ ಬಸ್ಸಿನ ಬೋರ್ಡು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಅಂತ ಮೂರು ಊರು ಸಾಲಾಗಿ ಒಂದು ಸಲ ಬರೆಸಿದರೆ ಮುಗಿಯಿತು. ಹೋಗುವಾಗಲೂ ಅದೇ, ಬರುವಾಗಲೂ ಅದೇ. ಹೊಸನಗರ ನಡುವಿನ ಊರು, ಅಲ್ಲಿ ನಿಂತವರಿಗೆ ಈ ಬಸ್ಸು ಯಾವ ಕಡೆಗೆ ಅಂತ ಬೋರ್ಡು ಹೇಳುವುದಿಲ್ಲ. ಅದಕ್ಕೇ ನಮ್ಮಲ್ಲಿ ಎಲ್ಲರೂ ಕೇಳುತ್ತಾರೆ. ನಲವತ್ತು ವರ್ಷ ಅದೇ ಬಸ್ಸಿನಲ್ಲಿ ಓಡಾಡಿದವರೂ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, 'ತೀರ್ಥಹಳ್ಳಿ ಕಡೆಗಾ?' ಅನ್ನುತ್ತಾರೆ. ಒಳಗಿನಿಂದ ನಾಲ್ಕು ಜನ ಒಟ್ಟಿಗೆ 'ಹೌದು ಹತ್ತಿ' ಅನ್ನುತ್ತಾರೆ. ಕೇಳದೆ ಬಸ್ಸು ಹತ್ತುವುದು ಇಲ್ಲಿ ಕಣ್ಣಿದ್ದವರಿಗೇ ಗೊತ್ತಿಲ್ಲ.

ಮೊದಲು ಅವಳ ಪರವಾಗಿ ಅಣ್ಣ ಕೇಳುತ್ತಿದ್ದ, ಕನ್ನಡಕ ಬಂದ ಮೇಲೆ ಅವಳು ಯಾರನ್ನೂ ಕೇಳಲಿಲ್ಲ. ಮೂರು ವಾರ ಅವಳ ಹೊತ್ತಿಗೆ ಬರುತ್ತಿದ್ದದ್ದು ಒಂದೇ ಬಸ್ಸು, ಸರಿ ಹೋಗಿತ್ತು. ಆ ದಿನ ಅದು ತಡವಾಗಿ, ಸಾಗರದ ಕಡೆಗೆ ಹೋಗುವ ಬಸ್ಸು ಮೊದಲು ಬಂದು ನಿಂತಿತು. ಗುಂಡಿ ಒತ್ತಿದಳು. 'ಸಾಗರ, ಹೊಸನಗರ, ತೀರ್ಥಹಳ್ಳಿ' ಅಂತ ಕನ್ನಡಕ ಸ್ಪಷ್ಟವಾಗಿ ಓದಿತು. ಹತ್ತಿದಳು. ರಶ್ಶಿನಲ್ಲಿ ಕಂಡಕ್ಟರು ಅವಳ ಹತ್ತಿರ ಬರುವಷ್ಟರಲ್ಲಿ ಬಸ್ಸು ಸಾಗರದ ದಾರಿಯ ಬಟ್ಟೆಮಲ್ಲಪ್ಪ ಊರು ದಾಟಿತ್ತು. ನಡು ದಾರಿಯಲ್ಲಿ ಇಳಿಸಲು ಮನಸ್ಸು ಬಾರದೆ ಅವನು ಸಾಗರಕ್ಕೇ ಕರೆತಂದಿದ್ದ.

'ಒಂದು ಮಾತು ಕೇಳಿದ್ರೆ ಗಂಟೇನು ಹೋಗ್ತಿತ್ತು ತಂಗಿ?' ಅಂದ ಕಂಡಕ್ಟರು. ಬೈದದ್ದಲ್ಲ, ನೊಂದುಕೊಂಡು ಹೇಳಿದ್ದು.

ಅವಳು ಅವನ ಕಡೆ ತಿರುಗಲಿಲ್ಲ. ನನಗೆ ಹೇಳಿದಳು: 'ಕನ್ನಡಕ ತಪ್ಪು ಓದ್ಲಿಲ್ಲ ಮೇಡಂ. ಯಾರ ನೆರವೂ ಬೇಡ ಅಂತ ಬರ್ದಿತ್ತಲ್ಲ, ಕೇಳಿದ್ರೆ ನಂಗೇ ಅವಮಾನ ಅನ್ನಿಸ್ತು. ಅದಕ್ಕೆ ಕೇಳ್ಲಿಲ್ಲ.'

ಊರಿನ ಎಲ್ಲರೂ ಯಾವ ನಾಚಿಕೆಯೂ ಇಲ್ಲದೆ ಪಡೆಯುವ ನೆರವನ್ನು ಅವಳೊಬ್ಬಳು ಪಡೆಯಬಾರದು ಅಂತ ನಾನು ಒಪ್ಪಿಗೆ ಕೊಟ್ಟ ಸಾಲು ಹೇಳಿತ್ತು.

ಅಣ್ಣ ಬೈಕಿನಲ್ಲಿ ಬಂದ. ಬಸ್‌ಸ್ಟ್ಯಾಂಡಿನಲ್ಲೇ ಕೂಗಾಡಿದ. 'ನಿಮ್ಮ ಬರಹ ನಂಬಿ ಕಳಿಸ್ದೆ ಮೇಡಂ. ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ? ಸಾಕು ಇನ್ನು. ಕನ್ನಡಕಾನೂ ಬೇಡ, ಬಸ್ಸೂ ಬೇಡ, ಕೆಲ್ಸಾನೂ ಬೇಡ.' ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ತಪ್ಪು ನನ್ನದು, ಶಿಕ್ಷೆ ಅವಳಿಗೆ. ಮೊದಲಿನ ಹಾಗೆ ನೀನೇ ಹತ್ತಿಸಿ ಕಳಿಸಪ್ಪ ಅಂತ ಅಂಗಲಾಚಿದೆ. ಅವನಿಗೆ ಹೆದರಿಕೆ ಹೊಕ್ಕುಬಿಟ್ಟಿತ್ತು, ಒಪ್ಪಲಿಲ್ಲ. ಸ್ವಲ್ಪ ದಿನ ಕಾದು ಆಫೀಸಿನವರು ಬೇರೆಯವರನ್ನು ತೆಗೆದುಕೊಂಡರು.

ಆ ಸೋಮವಾರವೇ ಮನೆಗೆ ಬಂದು 'ಯಾರ ನೆರವೂ ಇಲ್ಲದೆ' ಅನ್ನುವುದನ್ನು ಕಿತ್ತು ಹಾಕಿದೆ. ಕೆಳಗೆ ಎರಡು ಸಾಲು ಸೇರಿಸಿದೆ: ಕನ್ನಡಕ ಬೋರ್ಡನ್ನು ಓದುತ್ತದೆ, ಬಸ್ಸು ಯಾವ ಕಡೆಗೆ ಅಂತ ಹೇಳುವುದಿಲ್ಲ, ಹತ್ತುವವರು ಕೇಳಲೇಬೇಕು. ಇದಕ್ಕಿಂತ ನಿಷ್ಪಕ್ಷಪಾತವಾದ ಮಾತನ್ನು ನಾನು ಜನ್ಮದಲ್ಲಿ ಬರೆದಿಲ್ಲ.

ಮರುದಿನ ನೋಡಿದರೆ ಎರಡೂ ಸಾಲು ಮಾಯ. ಅಳಿಸಿದವರು ನಾನೇ ಪಳಗಿಸಿದ ಒಬ್ಬ ಸಂಪಾದಕರು. ಟಿಪ್ಪಣಿ ಬರೆದಿದ್ದರು: 'ಮೇಡಂ, ಕಣ್ಣಾರೆ ಕಂಡದ್ದು ನಡೆಯುವುದಿಲ್ಲ, ಆಧಾರ ಕೊಡಿ. ನೀವೇ ಕಲಿಸಿದ್ದು.' ಅಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆನೇನೋ. ಕಿತ್ತ ಮಾತನ್ನು ಮತ್ತೆ ತಂದು ಕೂರಿಸಿ, ಅದಕ್ಕೊಂದು ಆಧಾರವನ್ನೂ ಹಾಕಿದ್ದರು. ಯಾವ ಆಧಾರ ಅಂತೀರಿ? ಅವಳ ಫೋಟೋ ಇದ್ದ ಆ ಪೇಪರು! ನನ್ನ ಲೇಖನದಿಂದ ಕದ್ದ ಮಾತು ಪೇಪರಿನಲ್ಲಿ ಮಿಂದು, ಮಡಿಯುಟ್ಟು, ನನ್ನ ಲೇಖನಕ್ಕೇ ಸಾಕ್ಷಿಯಾಗಿ ಬಂದು ಕೂತಿತ್ತು. ಶಂಖದಿಂದ ಬಂದರೇ ತೀರ್ಥ ಅಂದರೆ ಇದೇ ತಾನೆ?

ಪತ್ರಕರ್ತನಿಗೆ ಫೋನು ಮಾಡಿ, ಅವಳು ತಪ್ಪು ಬಸ್ಸು ಹತ್ತಿದ್ದನ್ನೂ ಬರೆಯಪ್ಪ, ಎರಡು ಸಾಲು ಸಾಕು ಅಂದೆ. 'ತಪ್ಪು ಬಸ್ ಹತ್ತೋದು ಸುದ್ದಿ ಅಲ್ಲ ಮೇಡಂ, ಎಲ್ರಿಗೂ ಆಗತ್ತೆ' ಅಂದ. ಎಲ್ಲರಿಗೂ ಆಗುತ್ತದೆ, ಹೌದು ಕಣಯ್ಯ, ಎಲ್ಲರೂ ಅದಕ್ಕೆ ಕೆಲಸ ಕಳೆದುಕೊಳ್ಳುತ್ತಾರಾ ಅಂತ ಕೂಗಿದೆ. ಅವನು ಫೋನಿಟ್ಟ. ವಿಶ್ವಕೋಶದ ಚರ್ಚೆಯ ಪುಟದಲ್ಲಿ ವಾರಗಟ್ಟಲೆ ಜಗಳವಾಡಿದೆ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು, ಎಲ್ಲರೂ ನನ್ನ ನಿಯಮವನ್ನೇ ನನಗೆ ಓದಿದರು. ಬಣ್ಣದ ಮಾತನ್ನೆಲ್ಲ ಹೊಡೆದು ಓಡಿಸಿದವಳು ನಾನು. ಸುಳ್ಳು ಸಾದಾ ಬಟ್ಟೆ ಹಾಕಿಕೊಂಡು ಬಂದಾಗ ಮಣೆ ಹಾಕಿ ಕೂರಿಸಿದವಳೂ ನಾನೇ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಕಡೆಗೆ ಹೊಸನಗರಕ್ಕೆ ಹೋದೆ. ಅವಳು ಜಗುಲಿಯಲ್ಲಿ ಕೂತು ಬೀನ್ಸ್ ನಾರು ತೆಗೆಯುತ್ತಿದ್ದಳು. ಅಣ್ಣ ಒಳಗಿದ್ದ, ಹೊರಗೆ ಬರಲಿಲ್ಲ. ನಾನು ಕ್ಷಮೆ ಕೇಳಿದೆ. ಅವಳು ಇನ್ನೊಂದು ಬೀನ್ಸ್ ಎತ್ತಿಕೊಂಡಳು.

'ಆ ಸಾಲು ತೆಗ್ಸೋಕಾಯ್ತಾ ಮೇಡಂ?'

'ಇಲ್ಲ ಮಾರಾಯ್ತಿ. ಬಿಡೋದಿಲ್ಲ ನಾನು, ಮತ್ತೆ ಅಳಿಸ್ತೇನೆ.'

'ಅದರ ಪಕ್ಕ ನನ್ನ ಪೇಪರನ್ನೇ ಆಧಾರ ಅಂತ ಹಾಕಿದಾರಂತಲ್ಲ?'

'ಹೂಂ.'

ಅವಳ ಕೈ ನಿಂತಿತು. ಒಳಗಿರುವ ಅಣ್ಣನಿಗೂ ಕೇಳಲಿ ಅನ್ನುವ ಹಾಗೆ ಗಟ್ಟಿಯಾಗಿಯೇ ಹೇಳಿದಳು: 'ಹಂಗಾದ್ರೆ ಅಳಿಸ್ಬೇಡಿ ಬಿಡಿ. ಅದೊಂದು ಕಡೆ ಆದ್ರೂ ನಾನು ಇವತ್ತಿಗೂ ಒಬ್ಳೇ ತೀರ್ಥಹಳ್ಳಿಗೆ ಹೋಗ್ತಿದೀನಿ.'