ಕುತಿಗಿಮಟ ಉಸುಕಿನ್ಯಾಗ ಫಕೀರಪ್ಪ ಕಾಕಾ

ಫಕೀರಪ್ಪ ಕಾಕಾನ ನೆನಪಾದ್ರ ನನ್ನ ಕಣ್ಣಿಗೆ ಮೊದಲ ಬರೂದು ಅವನ ತಲಿ. ಬರೇ ತಲಿ. ಅದರ ಕೆಳಗ ಕೈ ಇಲ್ಲ, ಕಾಲಿಲ್ಲ, ಹೊಟ್ಟಿ ಇಲ್ಲ. ಸಮುದ್ರದ ದಂಡಿಮ್ಯಾಗ, ಹಸಿ ಉಸುಕಿನ ಮ್ಯಾಲೆ, ಹಳದಿ ಪಟಗಾ ಸುತಗೊಂಡು, ಮೀಸಿಗೆ ಉಸುಕು ಮೆತಗೊಂಡು ಒಂದು ತಲಿ ಕುಂತಿತ್ತು. ಕುಂತಲ್ಲಿಂದನ ನಮಗೆಲ್ಲಾ ಹುಕುಂ ಮಾಡತಿತ್ತು.

"ಲೇ ತಮ್ಮಾ, ಎಡಗಡೆ ಭುಜದ ಮ್ಯಾಲೆ ಉಸುಕು ಕಡಿಮಿ ಆಗೇತಿ. ಇನ್ನೊಂದ ಸಲಿಕಿ ಹಾಕು."

ನಾ ಹಾಕಿದೆ. ಮೈ ಪೂರಾ ಹುಗದಿದ್ವಿ, ಯಜಮಾನಿಕಿ ಮಾತ್ರ ಹೊರಗ ಉಳದಿತ್ತು.

ಕಾಕಾ ನಮ್ಮ ಓಣ್ಯಾವ. ಅಣ್ಣಿಗೇರಿ ಪ್ಯಾಟ್ಯಾಗ ಕಾಳಿನ ದಲಾಲಿ ಮಾಡತಿದ್ದ. ಮನಸಿಲೆ ಒಳ್ಳೇವ. ನಾ ಮೀಸಿ ಬಂದ ಮ್ಯಾಲೆ ಸಾಲಿಗೆ ಹೊಂಟಾಗ ಓಣಿ ಮಂದಿ ಎಲ್ಲಾ ನಕ್ಕರು. ಕಾಕಾ ಒಬ್ಬನ ನನ್ನ ಭುಜದ ಮ್ಯಾಲೆ ಕೈ ಹಾಕಿ, "ಮೀಸಿ ಬಂದಾವ ಮಾಸ್ತರಗ ಹೆದರೂದಿಲ್ಲ, ಅದಕ್ಕ ಲಗೂ ಕಲೀತಾನ. ಹೋಗಲೇ," ಅಂದು ತಾನ ಪಾಟಿ ಕೊಡಿಸಿದ. ಆ ಮಾತು ಖರೇ ಆಗಲಿಲ್ಲ, ನಾ ಲಗೂ ಏನೂ ಕಲೀಲಿಲ್ಲ. ಆದ್ರ ಹಂಗಂತ ಕಾಕಾನ ಮುಂದ ಯಾರು ಹೇಳಬೇಕು?

ಯಾಕಂದ್ರ ಕಾಕಾನ ಬಾಯಾಗ ಒಂದು ಮಾತು ಇರಲಿಲ್ಲ. "ತಪ್ಪಾತು" ಅನ್ನೂ ಮಾತು. ಊರಾಗ ಯಾರೂ ಅವನ ಬಾಯಿಂದ ಅದನ್ನ ಕೇಳಿದಾವ್ರಿಲ್ಲ. ಹಿತ್ತಲದಾಗ ಬಾವಿ ತೋಡಿಸಿದ. ಆಳುಗೋಳು ತೋಡಿ ತೋಡಿ ಸುಸ್ತಾದರು, ನೀರ ಹನಿ ಬೀಳಲಿಲ್ಲ. ಮಂದಿ ಬಂದು ಇಣಿಕಿ ನೋಡಿ ಹಳಹಳಿಸಿದ್ರ ಕಾಕಾ ಅವರ ಮ್ಯಾಲೆ ಸಿಟ್ಟಾದ. "ಬಾವಿ ಅಂತ ನಿಮಗ್ಯಾರು ಹೇಳಿದ್ರು? ಇದು ಜೋಳ ಇಡೂ ಹಗೇವ. ಹಗೇವಿನ್ಯಾಗ ನೀರ ಬಿದ್ದಿದ್ರ ನಾ ಹೊಯ್ಕೋಬೇಕಾಗಿತ್ತು!" ಅದರಾಗ ಜೋಳ ತುಂಬೂವಷ್ಟು ಹೊಲ ಕಾಕಾಗ ಇರಲಿಲ್ಲ. ಮುಂದ ಅದರಾಗ ಓಣಿ ಕ್ವಾಣಾ ಬಿತ್ತು.

ಆದ್ರ ನೀಲವ್ವ ಕಾಕುನ ಎದಿಯಾಗ ಮುಳ್ಳಾಗಿ ಉಳದದ್ದು ಬಾವಿ ಅಲ್ಲ, ಬಸ್ಸು. ನೀಲವ್ವ ಕಾಕು ಅಂದ್ರ ಫಕೀರಪ್ಪ ಕಾಕಾನ ಹೇಣ್ತಿ. ಹುಬ್ಬಳ್ಳ್ಯಾಗ ಆಕಿ ತಮ್ಮನ ಮದುವಿ, ಇರಾವ ಒಬ್ಬನ ತಮ್ಮ. ಇಬ್ಬರೂ ಹೊಸಾ ಅರಿವಿ ಹಾಕ್ಕೊಂಡು, ಆಯೇರಿ ಉಡಗೊರಿ ಗಂಟು ಹಿಡಕೊಂಡು ಅಣ್ಣಿಗೇರಿ ಬಸ್‌ಸ್ಟ್ಯಾಂಡಿನ್ಯಾಗ ನಿಂತಾಗ ಕಾಕಾ ಮೊದಲ ಬಂದ ಬಸ್ಸು ಹತ್ತಿದ.

"ಇದು ಗದಗಿಗೆ ಹೋಗೂದಲ್ಲೇನ್ರಿ?" ಅಂತ ಕಾಕು ಕೇಳಿದಳು.

"ಬಸ್ಸಿನ ದಾರಿ ನಿನಗೇನ ಗೊತ್ತು? ಕುಂದರು."

ಬಸ್ಸು ಹುಬ್ಬಳ್ಳಿಗೆ ಬೆನ್ನ ಮಾಡಿ ಹೊಂಟಾಗ, "ಡಿಜೆಲ್ ಹಾಕಿಸಾಕ ಹೊಂಟಾನ, ತಿರಗತಾನ," ಅಂದ. ತಿರಗಲಿಲ್ಲ. ಗದಗ ಬಂತು. ಕಾಕಾ ಇಳದು ಪಟಗಾ ಸರಿ ಮಾಡಿಕೊಂಡು, "ನನಗ ಇಲ್ಲೇ ಕೆಲಸ ಇತ್ತು," ಅಂದು ಬದನಿಕಾಯಿ ಖರೀದಿಗೆ ನಿಂತ. ಅಲ್ಲೆ ತಮ್ಮನ ತಲಿ ಮ್ಯಾಲೆ ಅಕ್ಕಿಕಾಳು ಬೀಳೂ ಹೊತ್ತಿಗೆ ಇಲ್ಲೆ ಕಾಕು ಇಲಕಲ್ ಸೀರಿ ಉಟಗೊಂಡು ಗದಗ ಬಸ್‌ಸ್ಟ್ಯಾಂಡಿನ್ಯಾಗ ಬದನಿಕಾಯಿ ಬುಟ್ಟಿ ಕಾಯಕೋತ ಕುಂತಿದ್ದಳು.

"ನಾ ಅತ್ತಿಲ್ಲಪಾ," ಅಂತ ಕಾಕು ನನಗ ಎಷ್ಟೋ ಸಲ ಹೇಳ್ಯಾಳ. "ಅವರು ಒಂದ ಸಲ 'ತಪ್ಪಾತು ಬಿಡ' ಅಂದಿದ್ರ ನಾ ಆ ಬದನಿಕಾಯಿ ಎಣಗಾಯಿ ಮಾಡಿ ಹಾಕತಿದ್ದೆ. ಅನ್ನಲಿಲ್ಲ. ಎಮ್ಮಿಗೆ ಹಾಕಿದೆ."

ಓಣಿ ಮಂದಿ ಕೂಡಿ ಅಮಾಸಿ ಸಮುದ್ರಸ್ನಾನಕ್ಕ ಅಂತ ಒಂದು ಟೆಂಪೊ ಮಾಡಿದ್ದು ಅದಾಗಿ ಭಾಳ ವರ್ಷದ ಮ್ಯಾಲೆ. ಓಣ್ಯಾಗ ಒಂದೆರಡ ಮನಿಗೆ ಟೀವಿ ಬಂದಿತ್ತು. ಅದರಾಗ ಸಮುದ್ರ ನೋಡಿ ನೋಡಿ ಎಲ್ಲಾರಿಗೂ ಒಮ್ಮೆ ಹೋಗಬೇಕು ಅನಿಸಿತ್ತು. ಮಾಬುಸಾಬ ಅನ್ನಾವ ಡ್ರೈವರ್. ಕಲಘಟಗಿ ದಾಟಿ, ಘಟ್ಟ ಇಳದು, ನಸುಕಿನ್ಯಾಗ ದಂಡಿ ಮುಟ್ಟಿದ್ವಿ. ನಾವ್ಯಾರೂ ಅದಕ್ಕ ಮೊದಲ ಸಮುದ್ರ ಕಂಡಾವ್ರಲ್ಲ. ಎಲ್ಲಾರೂ ಬಾಯಿ ತಕ್ಕೊಂಡು ನಿಂತ್ವಿ.

ಕಾಕಾ ಒಬ್ಬ ನಿಲ್ಲಲಿಲ್ಲ. ಸುಮ್ಮನ ನೀರು ನೋಡಾಕ ಇಷ್ಟು ದೂರ ಬರಾವ ಹುಚ್ಚ ಅನ್ನೂದು ಅವನ ತಿಳುವಳಿಕಿ. ಹಿಂಗಾಗಿ ಸಮುದ್ರದ ದಂಡಿಮ್ಯಾಗ ಜಗತ್ತಿನ್ಯಾಗ ಯಾರೂ ಮಾಡದ ಕೆಲಸ ಎಲ್ಲಾ ನಮ್ಮ ಕಡೆ ಮಾಡಿಸಿದ. ನನಗ ಡಬ್ಬಿ ಕೊಟ್ಟು ಊರಾಗಿನ ಎತ್ತಿನ ಗೊರಸಿನ ಹುಣ್ಣಿಗೆ ಅಂತ ಉಪ್ಪುನೀರು ತುಂಬಾಕ ಹಚ್ಚಿದ. ಮಾಬುಸಾಬಗ ಟೆಂಪೊ ತೊಳಿ ಅಂದ.

"ಕಾಕಾರ, ಉಪ್ಪುನೀರಿಲೆ ತೊಳದ್ರ ಗಾಡಿ ಜಂಗ ಹಿಡೀತೈತ್ರಿ."

"ಉಪ್ಪಿನಕಾಯಿ ಕೆಡತೈತೇನಲೇ?"

ಮಾಬುಸಾಬ ಬಕೀಟ ಹಿಡಕೊಂಡು ನೀರಿಗೆ ಹೋದ.

ಪಾಪ, ಕಾಕುನ ಕಡೆ ಮನ್ಯಾಗಿನ ಕೌದಿ ಎಲ್ಲಾ ಹೊರಿಸಿಕೊಂಡು ಬಂದಿದ್ದ. "ಇಷ್ಟು ನೀರು ಊರಾಗ ಎಲ್ಲಿ ಸಿಗತೈತಿ? ಒಗಿ," ಅಂದ. ಉಳದ ಹೆಣಮಕ್ಕಳು ತೆರಿಯಾಗ ಕಾಲ ಇಟ್ಟು ಚೀರಿ ನಗತಿದ್ರ ಕಾಕು ಕೌದಿ ಕುಕ್ಕತಿದ್ದಳು. ಬಿಸಲಿಗೆ ಹಾಕಿದ್ರ ಅವು ಹಪ್ಪಳದಂಗ ಸೆಟದು ನಿಂತುವು. ಕಾಕಾ ಮುಟ್ಟಿ ನೋಡಿ, "ಗಂಜಿ ಹಾಕಿದಂಗ ಆಗ್ಯಾವ, ನೋಡು!" ಅಂದ.

ಆಮ್ಯಾಲೆ ತನ್ನ ಮಣಕಾಲಿನ ಕೆಲಸ ತಗದ. ಮಣಕಾಲಿನ್ಯಾಗ ಹೊಕ್ಕ ವಾಯು ಸಮುದ್ರದ ಉಸುಕಿಗೆ ಜಗ್ಗತೈತಿ ಅಂತ. ಯಾರು ಹೇಳಿದ್ರು ಅಂದ್ರ "ನಾ ಹೇಳಾಕತ್ತಿಲ್ಲೇನು?" ಅಂದ. ಮಣಕಾಲ ಅಷ್ಟ ಹುಗಿಯೂಣು ಅಂದ್ರ, "ಇಷ್ಟು ದೂರ ಬಂದು ಬರೇ ಮಣಕಾಲೇನು? ಕುತಿಗಿಮಟ ಹುಗೀರಿ," ಅಂದ. ಮ್ಯಾಲಿನ ಒಣ ಉಸುಕು ಕುಸಿತೈತಿ ಅಂತ ಕೆಳಗಿನ ಹಸಿ ಉಸುಕಿನ ಜಾಗಾ ಆರಿಸಿದ. ಟೆಂಪೊದಾಗಿನ ಸಲಿಕಿ ತಂದು ತೆಗ್ಗು ತಗದು, ಅವನ್ನ ಕುಂದರಿಸಿ, ಮುಚ್ಚಿ, ಬಡದು ಗಟ್ಟಿ ಮಾಡಿದ್ವಿ. ಆ ಉಸುಕು ಯಾಕ ಹಸಿ ಐತಿ ಅಂತ ನಮ್ಮೊಳಗ ಒಬ್ಬರಿಗೂ ಹೊಳೀಲಿಲ್ಲ. ನಮ್ಮ ಕಡೆ ಕೆರಿ ನೀರು ಇಟ್ಟಲ್ಲೇ ಇರತೈತಿ.

ಆ ಊರಿನ ಮೀನ ಮಾರೂ ಬಾಯಿ ಒಬ್ಬಾಕಿ ಬುಟ್ಟಿ ಹೊತಗೊಂಡು ಹೊಂಟಾಕಿ ಈ ತಲಿ ನೋಡಿ ಹೌಹಾರಿ ನಿಂತಳು.

"ಅಯ್ಯ, ಇಲ್ಲಿ ಯಾಕೆ ಹುಗ್ದಿರಿ? ಸಮುದ್ರಕ್ಕೆ ಭರತ ಬತ್ತದೆ. ನೀರು ಇಲ್ಲಿವರೆಗೆ ಏರ್ತದೆ."

"ಮಳಿ ಬಿದ್ದೈತೇನವಾ?" ಅಂತ ತಲಿ ಕೇಳಿತು.

"ಇಲ್ಲ."

"ಮ್ಯಾಲೆ ಎಲ್ಲ್ಯರ ಕೆರಿ ಒಡದೈತೇನು?"

"ಇಲ್ಲ."

"ಮತ್ತ ನೀರ ಎಲ್ಲಿಂದ ಏರತೈತಿ? ಬೆಣ್ಣಿಹಳ್ಳದ ದಂಡಿಮ್ಯಾಗ ಬೆಳದಾವ ಅದೀನಿ ನಾ. ನನಗ ನೀರಿನ ವಿಚಾರ ಕಲಿಸಬ್ಯಾಡ."

ಈ ಮಾತಿಗೆ ನಾವೆಲ್ಲಾ ಹೌದಂತ ತಲಿ ಹಾಕಿದ್ವಿ. ಹಳ್ಳ ಬರೂದು ಹೇಳೂದರಾಗ ಕಾಕಾ ಖರೇನ ಪಕ್ಕಾ. ಮೋಡ ನೋಡಿ, ದನಾ ಹೊಡಕೊಂಡು ಬರ್ರಿ ಅಂತ ಒದರಿದ್ರ ನೀರು ಬಂದ ಬರತಿತ್ತು. ಆ ಬಾಯಿ ನಮ್ಮನ್ನೆಲ್ಲಾ ಒಂದ ಸಲ ನೋಡಿದಳು. ಬುಟ್ಟಿ ಇಳಿಸಿ, ಸ್ವಲ್ಪ ಮ್ಯಾಲೆ ಒಣ ಜಾಗಾದಾಗ ಆರಾಮ ಕುಂತಳು. ನೋಡಾಕ.

ಬಿಸಲ ಏರಿತು. ನೀರೂ ಏರಿತು. ಮೊದಲ ನೊರಿ ಬಂದು ಕಾಕಾನ ಗದ್ದ ಮುಟ್ಟಿ ಹೋತು.

"ಕಾಕಾ, ನೀರ ಏರಾಕತ್ತೈತಿ!" ಅಂದೆ.

"ಏರಿಲ್ಲಲೇ. ನಾ ಇಳದೀನಿ. ಉಸುಕು ಮೆತ್ತಗೈತಿ."

ನಾ ಸಲಿಕಿ ಹುಡುಕಿದೆ. ಇದ್ದದ್ದ ಒಂದು. ಅದರ ಮ್ಯಾಲೆ ನೀಲವ್ವ ಕಾಕು ಕುಂತಿದ್ದಳು.

"ಕಾಕು, ಸಲಿಕಿ ಕೊಡು!"

"ತಡೀಪಾ." ಕಾಕು ಎದ್ದಳು, ಸಲಿಕಿ ಬಗಲಾಗ ಹಿಡಕೊಂಡು ಗಂಡನ ತಲಿ ಮುಂದ ಹೋಗಿ ಕುಕ್ಕರಗಾಲಿಲೆ ಕುಂತಳು. "ನೀರ ಏರೈತಿ, ಹೌದಿಲ್ರಿ?"

"ಇಲ್ಲ."

"ಒಂದ ಸಲ ತಪ್ಪಾತು ಅನ್ರಿ. ತಗಸತೀನಿ. ಇದಕ್ಕ ಬ್ಯಾಡ, ಆ ಗದಗ ಬಸ್ಸಿಗೆ ಅನ್ರಿ."

"ಗದಗದಾಗ ನನಗ ಕೆಲಸ..." ಅನ್ನೂದರಾಗ ತೆರಿ ಬಂದು ಬಾಯಿ ಮುಚ್ಚಿತು. ಹಳದಿ ಪಟಗಾ ಕಳಚಿ ತೇಲಿತು. ನೀರು ಹಿಂದ ಸರದಾಗ ಕಾಕಾ ಕೆಮ್ಮಿದ, ಉಗುಳಿದ. ಬೋಳ ತಲಿ ಬಿಸಲಿಗೆ ಮಿಂಚಿತು. ಮಾಬುಸಾಬ ಅಳೂ ಹಂತಕ್ಕ ಬಂದಿದ್ದ. "ಅಂದ ಬಿಡ್ರಿ ಕಾಕಾರ! ನಿಮ್ಮ ಕಾಲಿಗೆ ಬೀಳತೀನ್ರಿ!" ಅಂದು ಸುತ್ತ ನೋಡಿದ. ಬೀಳಾಕ ಕಾಲ ಎಲ್ಲೈತಿ?

ಅದರ ಹಿಂದಿನ ತೆರಿ ದೊಡ್ಡದಿತ್ತು. ಅದು ಬರೂದನ್ನ ಕಾಕಾ ಕಂಡ. ಕಾಕುನ ಮಾರಿ ನೋಡಿದ. ತುಟಿ ಬಿಚ್ಚಿದ. ಏನೋ ಅಂದ. ನಡಬರಕ ನೀರು ತುಂಬಿತು. ತಲಿ ಕಾಣದಂಗಾತು.

ಕಾಕು ಸಲಿಕಿ ಒಗದಳು. ಸಲಿಕಿ ಕೊಡೂದು ಬಿಟ್ಟು ಎರಡೂ ಕೈಲೆ ಉಸುಕು ಬಗಿಯಾಕ ಹತ್ತಿದಳು. "ಏನ ನೋಡಕೋತ ನಿಂತೀರಿ, ನಿಮ್ಮ ಬಾಯಾಗ ಮಣ್ಣ ಹಾಕ! ಬಗೀರಿ!" ಅಂತ ಚೀರಿದಳು. ನಾವೆಲ್ಲಾ ಬಿದ್ದು ಬಗದ್ವಿ. ಆ ಮೀನ ಮಾರೂ ಬಾಯಿನೂ ಓಡಿ ಬಂದಳು. ಎಲ್ಲಾರೂ ಬಗಲಾಗ ಕೈ ಹಾಕಿ ಜಗ್ಗಿದ್ರ ಕಾಕಾ ಗಜ್ಜರಿ ಬಂದಂಗ ಕಿತ್ತು ಬಂದ. ಬಂದಾವ ಮುಂದಿನ ತೆರಿ ನೋಡಿ ಮ್ಯಾಲಿನ ದಂಡಿಮಟ ಓಡಿದ. ಓಡಿ, ಉಸಿರ ಬಿಟ್ಟು, ತಿರಗಿ ನಮಗ ಹೇಳಿದ:

"ಮಣಕಾಲು ಹಗರ ಆಗ್ಯಾವ. ನಾ ಹೇಳಿದ್ದಿಲ್ಲೇನು?"

ಊರಿಗೆ ಬಂದ ಮ್ಯಾಲೆ ಒಂದಿನ ಅವರ ಕಟ್ಟಿಮ್ಯಾಗ ಕುಂತಾಗ ಕೇಳಿದೆ. "ಕಾಕಾ, ಕಡೀಕ ನೀರಾಗ ಏನಂದಿ?"

ಒಳಗಿಂದ ರೊಟ್ಟಿ ಬಡಿಯೂ ಸಪ್ಪಳ ನಿಂತಿತು. ಕಾಕು ಜೋರಾಗಿ ಅಂದಳು: "ಏನೂ ಅಂದಿಲ್ಲಪಾ. ಅವರ ಕಡೆ ಅದು ಆಗೂದಿಲ್ಲ."

ಕಾಕಾಗ ಅಗದಿ ಸಿಟ್ಟು ಬಂತು. ತನ್ನ ಕಡೆ ಆಗೂದಿಲ್ಲ ಅಂದ್ರ ಹೆಂಗ? "ಅಂದೀನಿ!"

"ಅಂದಿಲ್ರಿ. ಬರೇ ನೀರ ಕುಡದ್ರಿ."

"ಅಂದೀನಿ ಅಂದ್ರ ಅಂದೀನಿ!"

"ಏನಂದ್ರಿ? ಹೇಳ್ರಿ ನೋಡೂಣು."

"ತಪ್ಪಾತು ಅಂದೀನಿ! ತಪ್ಪಾತು, ತಪ್ಪಾತು! ಕಿವಿ ಇಲ್ಲೇನ ನಿನಗ?"

"ಕೇಳಲಿಲ್ಲ ಬಿಡ್ರಿ," ಅಂದಳು ಕಾಕು. ರೊಟ್ಟಿ ಬಡಿಯೂ ಸಪ್ಪಳ ಮತ್ತ ಸುರು ಆತು. ಬಾಗಲದಾಗಿಂದ ಇಣಿಕಿ ನೋಡಿದೆ. ಒಲಿ ಮುಂದ ಕುಂತು, ಸೆರಗು ಬಾಯಿಗೆ ಹಿಡಕೊಂಡು, ಭುಜ ಅಳ್ಳಾಡಿಸಿ ನಗಾಕತ್ತಿದ್ದಳು. ಅವತ್ತ ಮನ್ಯಾಗ ಬದನಿಕಾಯಿ ಎಣಗಾಯಿ ಮಾಡಿದಳು. ನನಗೂ ಹಾಕಿದಳು.

ಅಲ್ಲಿಂದ ಇದ ದಿನದ ಆಟ ಆತು. ಯಾರರ ಬಂದ್ರ ಸಾಕು, ಕಾಕು ಒಳಗಿಂದ, "ಅವತ್ತ ಇವರು ಅನ್ನಲೇ ಇಲ್ಲ ನೋಡ್ರಿ," ಅನ್ನಾಕಿ. ಕಾಕಾ ಕಟ್ಟಿಮ್ಯಾಗಿಂದ ಒದರಾವ, "ತಪ್ಪಾತು ಅಂದೀನಿ!" ವಾದ ಗೆಲ್ಲೂ ಹಟದಾಗ ಹುಟ್ಟಿದಾಗಿಂದ ಕೂಡಿಟ್ಟಿದ್ದ ತಪ್ಪಾತು ಎಲ್ಲಾ ಖರ್ಚ ಮಾಡಿದ. ತಾನ ಗೆದ್ದೀನಿ ಅಂತ ಕಡೀತನಕಾ ತಿಳಕೊಂಡಿದ್ದ.

ಕಾಕಾ ಒಂದು ಬ್ಯಾಸಗ್ಯಾಗ, ಯಾರಿಗೂ ತ್ರಾಸ ಕೊಡದ, ಮಧ್ಯಾಹ್ನದ ಊಟ ಮಾಡಿ ಅಡ್ಡಾದಾವ ಏಳಲಿಲ್ಲ. ದಿನಕರ್ಮ ಎಲ್ಲಾ ಮುಗದು, ಬೀಗರು ಹೋದ ಮ್ಯಾಲೆ ನಾ ಕಾಕುನ ಮಾತಾಡಿಸಾಕ ಹೋದೆ. ಪಡಸಾಲ್ಯಾಗ ಕುಂತು ಮೊರದಾಗ ಜೋಳ ಹಸನ ಮಾಡತಿದ್ದಳು. ಹೊರಗ ಕಟ್ಟಿಮ್ಯಾಗ ಆ ಸೆಟದ ಕೌದಿ ಒಂದು ಮಡಚಿ ಇಟ್ಟಿತ್ತು. ಅದನ್ನ ಹಾಸಿಕೊಂಡ ಕಾಕಾ ಕುಂದರತಿದ್ದ. ಅದೂ ಇದೂ ಮಾತಾಡಿದ್ವಿ. ಮಾತ ಮುಗೀತು. ಕಾಕು ಮೊರ ಕೇರೂದು ನಿಲ್ಲಿಸಿ, ಮಾರಿ ಬಾಗಲದ ಕಡೆ ತಿರಿವಿ, ದಿನಾ ಅನ್ನೂವಂಗ ಜೋರಾಗಿ ಅಂದಳು:

"ಅವತ್ತ ಇವರು ತಪ್ಪಾತು ಅನ್ನಲೇ ಇಲ್ಲ ನೋಡಪಾ."

ಮೊರ ಹಂಗ ಕೈಯಾಗ ಇತ್ತು. ಹೊರಗ ಒಂದು ಎತ್ತಿನ ಗಾಡಿ ಹೋತು. ಕಟ್ಟಿಮ್ಯಾಗಿಂದ ಏನೂ ಬರಲಿಲ್ಲ.

ನನಗ ತಡಕೊಳ್ಳಾಕ ಆಗಲಿಲ್ಲ. "ಅಂದಾನ ಕಾಕು. ನಾ ಕೇಳೀನಿ," ಅಂದೆ.

"ನೀ ಸುಮ್ಮನಿರಪಾ," ಅಂದಳು ಕಾಕು, ಬಾಗಲದ ಕಡಿಂದ ಕಣ್ಣ ತಗೀದ. "ನಿನ್ನ ಯಾರ ಕೇಳ್ಯಾರ?"